ಪಕ್ಕದ ಮನೆಯ ಮನೋಂಗ್

ಹೋದ ಸಂಚಿಕೆಯಲ್ಲಿ ನಮ್ಮ ಸಂಘದ ಅಗಲಿದ ಹಿರಿಯರನ್ನು ನೆನೆದು ಲೇಖನಗಳು ಬಂದಿದ್ದವಷ್ಟೆ. ಅವನ್ನು ಓದಿ ಮುಗಿಸಿದ ರಾತ್ರಿಯೇ ಸಂಪಾದಕರಿಗೆ ಫೋನ್ ಮಾಡಿ, ಕನ್ನಡದವರಲ್ಲದ ಹಿರಿಯರೊಬ್ಬರ ಬಗ್ಗೆ ಬರೆಯಬಹುದೇ ಎಂದು ಕೇಳಿದೆ. "ಯಾರ ಬಗ್ಗೆ ಬೇಕಾದರೂ ಬರೆಯಿರಿ, ಸಂಘಕ್ಕೂ ಅವರಿಗೂ ಏನಾದರೂ ಸಂಬಂಧ ಇದ್ದರೆ ಸಾಕು" ಎಂದರು. ಸಂಬಂಧ ಇದೆ. 1990ರ ದಶಕದಲ್ಲಿ ನಮ್ಮ ಯುಗಾದಿ ಊಟಕ್ಕೆ ಬಂದವರು, ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದ ಗಿಡ್ಡನೆಯ ಮನುಷ್ಯರೊಬ್ಬರನ್ನು ಮರೆತಿರಲಾರರು. ಅನೇಕರು ಅವರನ್ನು ಕೇಟರಿಂಗ್‌ನವರೆಂದೇ ತಿಳಿದಿದ್ದರು. ಒಬ್ಬ ಮಹನೀಯರಂತೂ ಹೊರಡುವಾಗ ಐದು ಡಾಲರ್ ಟಿಪ್ಸ್ ಕೈಗಿತ್ತರು. ಅವರು "ಥ್ಯಾಂಕ್ಯೂ ಸರ್" ಎಂದು ತೆಗೆದುಕೊಂಡು, ನೇರ ಹೋಗಿ ನಮ್ಮ ಖಜಾಂಚಿಯ ಮೇಜಿನ ಮೇಲಿದ್ದ ದೇಣಿಗೆ ಡಬ್ಬಿಗೆ ಹಾಕಿ, ರಸೀದಿ ಕೇಳಿದರು!

ಅವರು ನಮ್ಮ ಪಕ್ಕದ ಮನೆಯವರು. ಫಿಲಿಪೈನ್ಸಿನವರು. ಅಮೆರಿಕದ ನೌಕಾದಳದಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾದವರು. ಕಳೆದ ನವೆಂಬರಿನಲ್ಲಿ ತೀರಿಕೊಂಡರು, ಎಂಬತ್ತು ತುಂಬಿತ್ತು. ಹೆಸರು ಅಚ್ಚು ಮಾಡುವುದು ಬೇಡವೆಂದು ಮನೆಯವರು ಹೇಳಿದ್ದಾರೆ. ನಾವೂ ಅವರನ್ನು ಎಂದೂ ಹೆಸರು ಹಿಡಿದು ಕರೆದದ್ದಿಲ್ಲ, ಮನೋಂಗ್ ಎಂದೇ ಕರೆದದ್ದು. ಅವರ ಇಲೋಕಾನೋ ಭಾಷೆಯಲ್ಲಿ ಮನೋಂಗ್ ಎಂದರೆ ಅಣ್ಣ, ಮನಾಂಗ್ ಎಂದರೆ ಅಕ್ಕ, ಆದಿಂಗ್ ಎಂದರೆ ತಮ್ಮ ಅಥವಾ ತಂಗಿ. ಈ ದೇಶಕ್ಕೆ ಬಂದ ಹೊಸದರಲ್ಲಿ, ಮಾವನವರ ವಯಸ್ಸಿನವರನ್ನೂ ಬಾಬ್, ಜಿಮ್ ಎಂದು ಕರೆಯಬೇಕಾಗಿ ಬಂದು ನಾಲಿಗೆ ತಡವರಿಸುತ್ತಿದ್ದ ನನಗೆ, ಬೇಲಿಯಾಚೆ ಒಬ್ಬ ಅಣ್ಣ ಸಿಕ್ಕಿದ್ದು ಎಷ್ಟು ಸಮಾಧಾನವಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಅವರಿಗೆ ಆದಿಂಗ್. ನಮ್ಮ ಯಜಮಾನರೂ ಆದಿಂಗ್. ಸಿಯಾಟಲ್‌ನಲ್ಲಿ ಮನೋಂಗ್ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ: 1920-30ರ ದಶಕಗಳಲ್ಲಿ ಬಂದು ಅಲಾಸ್ಕಾದ ಮೀನಿನ ಕಾರ್ಖಾನೆಗಳಲ್ಲಿ, ಇಲ್ಲಿಯ ಹೊಲಗಳಲ್ಲಿ ಬೆವರು ಸುರಿಸಿದ ಆ ತಲೆಮಾರಿನ ಫಿಲಿಪಿನೋ ಗಂಡಸರು. ಅವರಲ್ಲೊಬ್ಬರಾದ ಲೇಖಕ ಕಾರ್ಲೋಸ್ ಬುಲೊಸಾನ್ 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. "ನಾನು ಆ ಮನೋಂಗ್ ಅಲ್ಲ, ನೇವಿ ಮನೋಂಗ್" ಎಂದು ನಮ್ಮವರು ತಿದ್ದುತ್ತಿದ್ದರು.

ನಾವು ಕೆಂಟ್ ಊರಿನ ಈಸ್ಟ್ ಹಿಲ್‌ಗೆ ಮನೆ ಮಾಡಿಕೊಂಡು ಬಂದದ್ದು 1989ರ ಚಳಿಗಾಲದಲ್ಲಿ. ಪರಿಚಯವಾದದ್ದು ಮಾತ್ರ ಮೇ ತಿಂಗಳಲ್ಲಿ, ನುಗ್ಗೆ ಗಿಡದಿಂದ. ಒಂದು ಶನಿವಾರ ಪಕ್ಕದ ಮನೆಯ ಗರಾಜಿನಿಂದ ಯಾರೋ ದೊಡ್ಡ ಕುಂಡವೊಂದನ್ನು ತಳ್ಳಿಕೊಂಡು ಹೊರಗೆ ತರುತ್ತಿದ್ದರು. ಕುಂಡದಲ್ಲಿ ಸೊಂಟದೆತ್ತರದ ಬಡಕಲು ಗಿಡ, ತುದಿಯಲ್ಲಿ ನಾಲ್ಕು ಎಸಳು. ಅಡುಗೆಮನೆ ಕಿಟಕಿಯಿಂದ ನೋಡಿದವಳು ಕೈಯಲ್ಲಿದ್ದ ಸೌಟು ಸಮೇತ ಹೊರಗೆ ಓಡಿದೆ. "ನುಗ್ಗೆ!" ಎಂದೆ. ಅವರು "ಮರುಂಗ್ಗಾಯ್" ಎಂದರು. ತಮಿಳರ ಮುರುಂಗೈ ಕೇಳಿದವರಿಗೆ ಈ ಹೆಸರು ಪರಕೀಯ ಅನ್ನಿಸಲಾರದು. ಚಳಿಗಾಲವಿಡೀ ಅದನ್ನು ಗರಾಜಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟು, ಹಳೆ ಕಂಬಳಿ ಸುತ್ತಿ ಕಾಪಾಡಿದ್ದರಂತೆ. ಅವತ್ತು ನಾಲ್ಕೇ ಎಸಳಿದ್ದದ್ದರಲ್ಲಿ ಎರಡು ಕಿತ್ತು ನನಗೆ ಕೊಟ್ಟರು. ಎರಡು ಎಸಳು ನುಗ್ಗೆ ಸೊಪ್ಪಿನಲ್ಲಿ ಏನಾಗುತ್ತದೆ? ಆದರೂ ಬೇಳೆಗೆ ಹಾಕಿ, ಮನೆಮಂದಿಯೆಲ್ಲ ಹುಡುಕಿ ತಿಂದೆವು.

ಆಮೇಲೆ ಒಂದೊಂದೇ ಹೊಂದಿಕೆ ಕಾಣತೊಡಗಿತು. ಅವರ ಸಿನಿಗಾಂಗಿಗೆ ಹುಣಸೆಹುಳಿಯೇ ಜೀವ. ಅವರ ಪುತೋ ನಮ್ಮ ಇಡ್ಲಿಯ ಸಿಹಿ ತಂಗಿ. ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ ಸುಮಾನ್ ತಿಂದಾಗ ನನಗೆ ಕುಂದಾಪುರದ ನಮ್ಮ ಮನೆಯ ಎಲೆ ಕಡುಬೇ ನೆನಪಾಯಿತು. ಹಾಗಲಕಾಯಿಯನ್ನು ಇಷ್ಟಪಟ್ಟು ತಿನ್ನುವ ಜನ ನಮ್ಮನ್ನು ಬಿಟ್ಟರೆ ಇವರೇ ಇರಬೇಕು. ಅವರ ಮಕ್ಕಳು ಮನೆಗೆ ಬಂದರೆ ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅದಕ್ಕೆ 'ಮಾನೋ' ಎನ್ನುತ್ತಾರೆ. ನಮ್ಮ ಮಗನೂ ಕಲಿತ. ಯುಗಾದಿ ದಿನ ನಮ್ಮ ಕಾಲಿಗೆ ನಮಸ್ಕಾರ ಮಾಡಿ, ಬೇಲಿ ದಾಟಿ ಹೋಗಿ ಮನೋಂಗ್ ಕೈಯನ್ನು ಹಣೆಗೆ ಒತ್ತಿಕೊಂಡು, ಎರಡೂ ಕಡೆ ದುಡ್ಡು ವಸೂಲಿ ಮಾಡಿಕೊಂಡು ಬರುತ್ತಿದ್ದ.

ಅವರ ಊರು ಇಲೋಕೋಸ್ ನಾರ್ಟೆ ಪ್ರಾಂತ್ಯದ ಒಂದು ಹಳ್ಳಿ. ಭತ್ತ, ಹೊಗೆಸೊಪ್ಪು ಬೆಳೆಯುವ ಊರು. ತಂದೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾವುಟದ ಕೆಳಗೆ ಜಪಾನೀಯರ ವಿರುದ್ಧ ಕಾದವರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂಥ ಫಿಲಿಪಿನೋ ಯೋಧರ ಹೆಚ್ಚಿನ ಸವಲತ್ತುಗಳನ್ನು ಅಮೆರಿಕದ ಕಾಂಗ್ರೆಸ್ಸು ಒಂದು ಕಾಯಿದೆ ಮಾಡಿ ಕಿತ್ತುಕೊಂಡಿತು. 2009ರಲ್ಲಿ ಬದುಕಿ ಉಳಿದಿದ್ದವರಿಗೆ ಒಂದೇ ಸಲಕ್ಕೆ ಹದಿನೈದು ಸಾವಿರ ಡಾಲರ್, ಅಮೆರಿಕದ ಪೌರರಲ್ಲದವರಿಗೆ ಒಂಬತ್ತು ಸಾವಿರ ಎಂದು ಗೊತ್ತುಮಾಡಿದರು. ಮನೋಂಗ್ ತಂದೆ ಅಷ್ಟು ವರ್ಷ ಕಾಯಲಿಲ್ಲ. "ಅಂಥ ದೇಶದ ನೌಕಾದಳಕ್ಕೆ ಸೇರಿದಿರಲ್ಲ?" ಎಂದು ನಾನೊಮ್ಮೆ ಕೇಳಿದ್ದೆ. "ಮನೆಯಲ್ಲಿ ಏಳು ಜನ ಇದ್ದೆವು, ಆದಿಂಗ್. ಅಕ್ಕಿ ನಾಲ್ಕು ಜನಕ್ಕೆ ಇತ್ತು" ಎಂದರು.

ಇದು ಅವರೊಬ್ಬರ ಕತೆಯಲ್ಲ. 1947ರಲ್ಲಿ ಎರಡು ಸರಕಾರಗಳ ನಡುವೆ ಸೈನಿಕ ನೆಲೆಗಳ ಒಪ್ಪಂದವಾಯಿತು. ಅದರ ಪ್ರಕಾರ ಅಮೆರಿಕದ ನೌಕಾದಳ ಫಿಲಿಪೈನ್ಸಿನ ನೆಲದಲ್ಲೇ, ಅಲ್ಲಿಯ ಪ್ರಜೆಗಳನ್ನೇ ಭರ್ತಿ ಮಾಡಿಕೊಳ್ಳಬಹುದಿತ್ತು. ಈ ಏರ್ಪಾಟು ಮುಗಿದದ್ದು ಅಮೆರಿಕನ್ನರು ಸುಬಿಕ್ ಕೊಲ್ಲಿಯ ನೆಲೆಯನ್ನು ಬಿಟ್ಟು ಹೊರಟ 1992ರಲ್ಲಿ. ಅಷ್ಟರೊಳಗೆ ಹೀಗೆ ಸೇರಿದವರು ಮೂವತ್ತು ಸಾವಿರಕ್ಕೂ ಮಿಕ್ಕಿ. 1970ರಲ್ಲಿ ಅಮೆರಿಕದ ಹಡಗುಗಳಲ್ಲಿದ್ದ ಫಿಲಿಪಿನೋಗಳು ಹದಿನಾಲ್ಕು ಸಾವಿರಕ್ಕಿಂತ ಹೆಚ್ಚು. ಫಿಲಿಪೈನ್ಸಿನ ಸ್ವಂತ ನೌಕಾದಳದಲ್ಲೇ ಅಷ್ಟು ಜನ ಇರಲಿಲ್ಲ. ನಮ್ಮವರು 1964ರಲ್ಲಿ ಕವಿತೆ ಪ್ರಾಂತ್ಯದ ಸ್ಯಾಂಗ್ಲಿ ಪಾಯಿಂಟ್ ಎಂಬಲ್ಲಿ ಸಾಲಿನಲ್ಲಿ ನಿಂತು ಆಯ್ಕೆಯಾದರು. (ಸ್ಯಾಂಗ್ಲಿ ಎಂದಾಗ ನಮ್ಮ ಯಜಮಾನರು ಮಹಾರಾಷ್ಟ್ರದ ಸಾಂಗ್ಲಿಯ ಅರಿಶಿನದ ವಿಷಯ ತೆಗೆದು, ಅರ್ಧ ಗಂಟೆ ಇಬ್ಬರೂ ಬೇರೆ ಬೇರೆ ಊರಿನ ಬಗ್ಗೆ ಮಾತಾಡಿದ್ದರು.) ಅಲ್ಲಿಂದ ತರಬೇತಿಗೆ ಸ್ಯಾನ್ ಡಿಯಾಗೋ, ಆಮೇಲೆ ಹಡಗು.

ಹಡಗಿನಲ್ಲಿ ಏನು ಕೆಲಸ? ಮನೋಂಗ್ ಈ ಪ್ರಶ್ನೆಗೆ "ನೇವಿ" ಎಂದೇ ಉತ್ತರ ಕೊಡುತ್ತಿದ್ದರು. ಮಕ್ಕಳಿಗೂ ಹಾಗೆಯೇ ಹೇಳಿದ್ದರು. ನಿಜ ಏನೆಂದರೆ, ಆ ಕಾಲದಲ್ಲಿ ಹೀಗೆ ಭರ್ತಿಯಾದ ಫಿಲಿಪಿನೋ ಹುಡುಗನಿಗೆ, ಎಷ್ಟು ಓದಿದ್ದರೂ, ಸಿಗುತ್ತಿದ್ದದ್ದು ಒಂದೇ ಹುದ್ದೆ: ಸ್ಟುವರ್ಡ್. ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸುವುದು, ಅವರ ಹಾಸಿಗೆ ಹಾಸುವುದು, ಬೂಟು ಪಾಲಿಶ್, ಬಟ್ಟೆ ಇಸ್ತ್ರಿ. ಶ್ವೇತಭವನದ ಊಟದ ಕೋಣೆಯನ್ನು ನಡೆಸುವುದೂ ನೌಕಾದಳವೇ. ಅಲ್ಲೂ ಬಹಳ ವರ್ಷ ತಟ್ಟೆ ಹಿಡಿದವರು ಇವರೇ. ಮೊದಲಿನಿಂದ ಹೀಗೆ ಇರಲಿಲ್ಲ ಎಂಬುದು ವಿಚಿತ್ರ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಫಿಲಿಪಿನೋಗಳು ಹಡಗಿನ ಹಲವು ಬಗೆಯ ಕೆಲಸಗಳಲ್ಲಿದ್ದರು. ಟೆಲೆಸ್ಫೊರೊ ತ್ರಿನಿದಾದ್ ಎಂಬವರು ಯು.ಎಸ್.ಎಸ್. ಸ್ಯಾನ್ ಡಿಯಾಗೋ ಹಡಗಿನ ಬಾಯ್ಲರ್ ಕೋಣೆಯಲ್ಲಿ ಫೈರ್‌ಮನ್ ಆಗಿದ್ದರು. 1915ರ ಜನವರಿ 21ರಂದು ಬಾಯ್ಲರುಗಳು ಸಿಡಿದಾಗ, ಹೊರಗೆ ಬಂದವರು ಮತ್ತೆ ಒಳಗೆ ಹೋಗಿ ಗಾಯಗೊಂಡ ಸಂಗಾತಿಯನ್ನು ಎತ್ತಿಕೊಂಡು ಬಂದರು. ದಾರಿಯಲ್ಲಿ ಇನ್ನೊಂದು ಸ್ಫೋಟಕ್ಕೆ ಸಿಕ್ಕಿ ಮುಖ ಸುಟ್ಟರೂ ಎರಡನೆಯವನನ್ನೂ ಉಳಿಸಲು ನೆರವಾದರು. ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯಪದಕ, ಮೆಡಲ್ ಆಫ್ ಆನರ್, ಬಂತು. 2022ರಲ್ಲಿ ಹೊಸ ಯುದ್ಧನೌಕೆಯೊಂದಕ್ಕೆ ಅವರ ಹೆಸರಿಡುವುದಾಗಿ ನೌಕಾದಳ ಪ್ರಕಟಿಸಿದಾಗ, ಮನೋಂಗ್ ಪತ್ರಿಕೆಯ ತುಣುಕು ಹಿಡಿದುಕೊಂಡು ಮಳೆಯಲ್ಲೇ ನಮ್ಮ ಮನೆಗೆ ಬಂದರು. ಸಂತೋಷವೂ ಇತ್ತು, ಕೋಪವೂ ಇತ್ತು. "ನೋಡು ಆದಿಂಗ್, 1915ರಲ್ಲಿ ನಮ್ಮವನು ಬಾಯ್ಲರ್ ಮುಟ್ಟಬಹುದಿತ್ತು. 1964ರಲ್ಲಿ ನಾನು ಕಾಫಿ ಪಾತ್ರೆ ಮುಟ್ಟಬಹುದಿತ್ತು" ಎಂದರು. ಮೂವತ್ತು ವರ್ಷಕ್ಕೂ ಮೀರಿದ ನೆರೆಹೊರೆಯಲ್ಲಿ ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ದೂರು ಅದು.

ಅವರು ಸ್ಟುವರ್ಡ್ ಆಗಿದ್ದದ್ದು ಹತ್ತು ವರ್ಷ. 1970ರ ದಶಕದ ಆರಂಭದಲ್ಲಿ, ಅಡ್ಮಿರಲ್ ಎಲ್ಮೋ ಜುಮ್ವಾಲ್ಟ್ ನೌಕಾದಳದ ಮುಖ್ಯಸ್ಥರಾಗಿದ್ದಾಗ, ಬೇರೆ ಹುದ್ದೆಗಳ ಬಾಗಿಲೂ ಫಿಲಿಪಿನೋಗಳಿಗೆ ತೆರೆಯಿತು. ಮನೋಂಗ್ ರಾತ್ರಿ ಹೊತ್ತು ಓದಿ, ಪರೀಕ್ಷೆ ಕಟ್ಟಿ, ಇಂಜಿನ್ ಕೋಣೆಗೆ ಮೆಷಿನಿಸ್ಟ್ ಆಗಿ ಇಳಿದರು. ಹತ್ತಿದರು ಎನ್ನಬೇಕೋ ಏನೋ. ಉಳಿದ ಹತ್ತು ವರ್ಷ ಅಲ್ಲೇ. ಕೊನೆಯ ದಿನಗಳು ಬ್ರೆಮರ್ಟನ್ನಿನ ಹಡಗುಕಟ್ಟೆಯಲ್ಲಿ. 1975ರಲ್ಲಿ ಸ್ಟುವರ್ಡ್ ಎಂಬ ಹುದ್ದೆಯನ್ನೇ ಅಡುಗೆಯವರ ಹುದ್ದೆಯ ಜೊತೆ ಸೇರಿಸಿ, ಹೆಸರು ತೆಗೆದುಹಾಕಿದರು. 1984ರಲ್ಲಿ ನಿವೃತ್ತರಾಗಿ ಕೆಂಟ್‌ಗೆ ಬಂದು, ಒಂದು ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ನಮ್ಮ ಸಂಘಕ್ಕೆ ಆ ದಿನಗಳಲ್ಲಿ ಯುಗಾದಿ ಊಟಕ್ಕೆ ಕಡಿಮೆ ಬಾಡಿಗೆಗೆ ಶಾಲೆಯ ಹಾಲ್ ಸಿಗುತ್ತಿದ್ದದ್ದರ ಗುಟ್ಟು ಇದೇ.

ಮುನ್ನೂರು ಜನಕ್ಕೆ ಅನ್ನ ಮಾಡುವುದು ನಮಗ್ಯಾರಿಗೂ ಬರುತ್ತಿರಲಿಲ್ಲ. ಮನೆಮನೆಯಿಂದ ಕುಕ್ಕರ್ ತಂದು, ಕೆಲವು ಮುದ್ದೆ, ಕೆಲವು ಅಕ್ಕಿಕಾಳು, ಹೀಗೆ ನಡೆಯುತ್ತಿತ್ತು. ಒಂದು ವರ್ಷ ಮನೋಂಗ್ ಅದನ್ನು ನೋಡಿ ತಡೆಯಲಾರದೆ ಏಪ್ರನ್ ಕಟ್ಟಿಕೊಂಡರು. ಉದ್ದನೆಯ ಸ್ಟೀಲ್ ಟ್ರೇಗಳಲ್ಲಿ ಅಕ್ಕಿ ಹರಡಿ, ಅಳತೆಗೆ ಸರಿಯಾಗಿ ಕುದಿನೀರು ಹೊಯ್ದು, ಫಾಯಿಲ್ ಮುಚ್ಚಿ ಶಾಲೆಯ ಅವನ್‌ಗೆ ತಳ್ಳಿದರು. ಅರ್ಧ ಗಂಟೆಗೆ ಅನ್ನ ಉದುರುದುರಾಗಿ, ಎಲ್ಲ ಟ್ರೇಯಲ್ಲೂ ಒಂದೇ ಹದದಲ್ಲಿ ಬಂತು. ಮುಂದಿನ ವರ್ಷದಿಂದ ಅವರಿಲ್ಲದೆ ಯುಗಾದಿ ಇಲ್ಲ. ಅವರದು ಒಂದೇ ಕಟ್ಟಳೆ: ಎಷ್ಟು ಜನ ಎಂದು ಸರಿಯಾಗಿ ಹೇಳಬೇಕು. "ಸುಮಾರು ಮುನ್ನೂರು" ಎಂದರೆ "ಸುಮಾರು ಅನ್ನುವವರು ಎಷ್ಟು ಜನ?" ಎಂದು ಕೇಳುತ್ತಿದ್ದರು. ನಮ್ಮವರು ಆರ್‌ಎಸ್‌ವಿಪಿ ಕೊಡದೆ ನಾಲ್ಕು ಜನ ನೆಂಟರನ್ನು ಕರೆದುಕೊಂಡು ಬರುವುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಮನೆಯೊಳಗಿನ ಮನೋಂಗ್ ಬೇರೆ. ಮಕ್ಕಳು ಇಬ್ಬರು, ಮಗಳು ದೊಡ್ಡವಳು. ಅವರು ಚಿಕ್ಕವರಿದ್ದಾಗ ಅಪ್ಪ ಸಮುದ್ರದ ಮೇಲೆ, ಒಮ್ಮೆ ಹೋದರೆ ಆರು ತಿಂಗಳು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದರಂತೆ. ನಾನೂ ಅಮ್ಮನಿಗೆ ಹಾಗೆ ಕ್ಯಾಸೆಟ್ ಕಳಿಸಿದವಳು, ಆದ್ದರಿಂದ ಆ ಸುಖದುಃಖ ಗೊತ್ತು. ನಿವೃತ್ತರಾದ ಮೇಲೆ ಎರಡು ಕೆಲಸಗಳನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು, ಊರಿಗೆ ಕಳಿಸುವ ಬಾಲಿಕ್‌ಬಾಯನ್ ಪೆಟ್ಟಿಗೆ ತುಂಬುವುದು: ಸಾಬೂನು, ಟವೆಲ್, ಚಾಕೊಲೇಟ್, ಡಬ್ಬಿ ಮಾಂಸ, ಸಂದಿಗೊಂದಿಯಲ್ಲಿ ಕಾಲುಚೀಲ. ಎಪ್ಪತ್ತು ಪೌಂಡಿನ ಎರಡು ಸೂಟ್‌ಕೇಸುಗಳನ್ನು ಬಚ್ಚಲ ತಕ್ಕಡಿಯ ಮೇಲೆ ತೂಗಿ ತೂಗಿ ಸುಸ್ತಾಗುತ್ತಿದ್ದ ನಮಗೆ, ತೂಕದ ಚಿಂತೆಯಿಲ್ಲದೆ ಹಡಗಿನಲ್ಲಿ ಹೋಗುವ ಆ ಪೆಟ್ಟಿಗೆ ಕಂಡು ಹೊಟ್ಟೆಕಿಚ್ಚು. ಇನ್ನೊಂದು, ಇಸ್ತ್ರಿ. ಭಾನುವಾರ ಸಂಜೆ ಮನೆಮಂದಿಯ ವಾರದ ಬಟ್ಟೆಯೆಲ್ಲ ಅವರೇ ಇಸ್ತ್ರಿ ಮಾಡಬೇಕು. ಕಾಲರಿನಿಂದ ಶುರು, ಆಮೇಲೆ ತೋಳಪಟ್ಟಿ, ಕೊನೆಗೆ ಬೆನ್ನು. ಒಂದು ಶರ್ಟಿಗೆ ಇಷ್ಟೇ ನಿಮಿಷ ಎಂಬ ಲೆಕ್ಕ. ಮಕ್ಕಳು ಅದನ್ನು ಅಪ್ಪನ ಹುಚ್ಚು ಎಂದು ನಗುತ್ತಿದ್ದರು.

ಈಗ ಕಳೆದ ನವೆಂಬರಿನ ವಿಷಯಕ್ಕೆ ಬರುತ್ತೇನೆ. ಅವರಲ್ಲಿ ಯಾರಾದರೂ ತೀರಿಕೊಂಡರೆ ಒಂಬತ್ತು ರಾತ್ರಿ ಮನೆಯಲ್ಲಿ ಜಪಮಾಲೆ ಹಿಡಿದು ಪ್ರಾರ್ಥನೆ, ಪ್ರತಿ ರಾತ್ರಿಯೂ ಬಂದವರಿಗೆ ಊಟ. ಎರಡನೆಯ ರಾತ್ರಿ ಜನ ಹೊರಟ ಮೇಲೆ ನಾನು ಪಾತ್ರೆ ಒರೆಸುತ್ತಿದ್ದೆ. ಮಗಳು ಪತ್ರಿಕೆಗೆ ಕಳಿಸಬೇಕಾದ ನಿಧನವಾರ್ತೆ ಬರೆದು ಓದಿದಳು. ಅದರಲ್ಲಿ "ಹತ್ತು ವರ್ಷ ಸ್ಟುವರ್ಡ್ ಆಗಿ, ಅನಂತರ ಮೆಷಿನಿಸ್ಟ್ ಆಗಿ" ಎಂದಿತ್ತು. ಅಪ್ಪನ ಹಳೆಯ ಕಾಗದಪತ್ರಗಳಲ್ಲಿ ಅವಳಿಗೆ ಅದು ಸಿಕ್ಕಿತ್ತು. ತಮ್ಮ ಎದ್ದು ನಿಂತ. "ಅಪ್ಪ ಜೀವಮಾನವಿಡೀ ಹೇಳದೇ ಇದ್ದದ್ದನ್ನು ಊರಿಗೆಲ್ಲ ಹೇಳಲು ನೀನು ಯಾರು? ನೇವಿ ಎಂದು ಬರೆ. ಸಾಕು" ಎಂದ. ಅವಳು, "ಬರೆಯದಿದ್ದರೆ ಆ ಹತ್ತು ವರ್ಷ ಅಪ್ಪ ಎಲ್ಲಿದ್ದರು?" ಎಂದಳು. ಇಬ್ಬರೂ ಅಳುತ್ತಿದ್ದರು. ಅಪ್ಪನ ಮರ್ಯಾದೆ ಕಾಯುತ್ತಿರುವೆನೆಂದೇ ಇಬ್ಬರೂ ತಿಳಿದಿದ್ದರು.

ಮಗಳು ನನ್ನತ್ತ ತಿರುಗಿ, "ಆಂಟಿ, ನೀವೇ ಹೇಳಿ" ಎಂದಳು. ನಾನು ನಮ್ಮ ಅಪ್ಪಯ್ಯನ ವಿಷಯ ಹೇಳಿದೆ. ಅಪ್ಪಯ್ಯ ಹನ್ನೊಂದನೆಯ ವಯಸ್ಸಿಗೆ ಕುಂದಾಪುರ ಬಿಟ್ಟು ಮುಂಬಯಿಗೆ ಹೋದವರು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್ ಮಾಣಿ. ನಮ್ಮ ಕರಾವಳಿಯ ಎಷ್ಟು ಮನೆಗಳ ಕತೆ ಇದು! 1942ರಲ್ಲಿ ಅದೇ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಹೆಸರಾದ ಎ. ರಾಮ ನಾಯಕರೂ ಹುಡುಗನಾಗಿ ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದವರೇ. ಇಂಥ ಹುಡುಗರಿಗಾಗಿಯೇ ಮುಂಬಯಿಯಲ್ಲಿ ಕನ್ನಡದವರ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಹಗಲು ಮೇಜು ಒರೆಸಿ, ರಾತ್ರಿ ನಿದ್ದೆ ತೂಗುತ್ತಾ ಓದಿ, ಅಪ್ಪಯ್ಯ ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿದರು. ಕೊನೆಗೆ ಮ್ಯಾನೇಜರಾಗಿ ನಿವೃತ್ತರಾದರು. ಅವರು ಹೋದಾಗ ಅಣ್ಣಯ್ಯ ಪೇಪರಿನಲ್ಲಿ ಹಾಕಿಸಿದ್ದು "ನಿವೃತ್ತ ಬ್ಯಾಂಕ್ ಅಧಿಕಾರಿ" ಎಂದು. ಅದು ನಿಜವೇ. ಆದರೆ ನನಗೆ ಗೊತ್ತಿದ್ದ ಅಪ್ಪಯ್ಯ ಅಷ್ಟೇ ಅಲ್ಲ. ಒಂದೇ ಕೈಯಲ್ಲಿ ಆರು ಲೋಟ ನೀರು ಹಿಡಿದು, ಒಂದು ಹನಿ ಚೆಲ್ಲದೆ ನಮಗೆ ತೋರಿಸಿ, ಅಮ್ಮ ಬಂದ ಕೂಡಲೆ ಕೆಳಗಿಡುತ್ತಿದ್ದವರು. ಆ ಆರು ಲೋಟ ಯಾವ ಪೇಪರಿನಲ್ಲೂ ಬರಲಿಲ್ಲ. ನನಗೆ ಮಗಳ ಮಾತೇ ಸರಿ ಕಾಣುತ್ತದೆ ಎಂದು ಹೇಳಿದೆ.

ಹುಡುಗ ಒಪ್ಪಲಿಲ್ಲ. "ಅದು ನಿಮ್ಮ ಅಪ್ಪನ ಕತೆ, ಆಂಟಿ. ನನ್ನ ಅಪ್ಪನಿಗೆ ಆಯ್ಕೆಯೇ ಇರಲಿಲ್ಲ. ಮೈಬಣ್ಣ ನೋಡಿ ಏಪ್ರನ್ ಕಟ್ಟಿದರು. ಅದನ್ನು ಅವರ ಹೆಸರಿನ ಪಕ್ಕ ನಾನು ಯಾಕೆ ಬರೆಯಲಿ?" ಎಂದ. ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಈಗಲೂ ನನಗೆ ಅದಕ್ಕೆ ಉತ್ತರ ಹೊಳೆದಿಲ್ಲ.

ಅಷ್ಟು ಹೊತ್ತೂ ಮನಾಂಗ್ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಎದ್ದು ಒಳಗೆ ಹೋಗಿ ಒಂದು ಪುಟ್ಟ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಮನೋಂಗ್ ಕೈಬರಹ. ದಿನಾಂಕ, ಅಧಿಕಾರಿಯ ಹೆಸರು, ಶರ್ಟು ಎಷ್ಟು, ಪ್ಯಾಂಟು ಎಷ್ಟು, ಎಷ್ಟು ಸೆಂಟು. ತಮ್ಮ ಪಾಳಿ ಮುಗಿದ ಮೇಲೆ ಕೈಖರ್ಚಿಗೆಂದು ಹೆಚ್ಚಿಗೆ ಇಸ್ತ್ರಿ ಮಾಡಿಕೊಟ್ಟ ಲೆಕ್ಕ. ಪುಟಪುಟದ ಕೆಳಗೆ ಮೊತ್ತ, ಪಕ್ಕದಲ್ಲಿ ತಮ್ಮನ ಕಾಲೇಜು ಫೀಸು, ತಂಗಿಯ ಫೀಸು. ಕೊನೆಯ ಪುಟಗಳ ಪಕ್ಕದಲ್ಲಿ ಬರಿಯ 'ಮನೆ' ಎಂದಿತ್ತು. "ಈ ಮನೆಯ ಮೊದಲ ಕಂತು ಇದರಿಂದ ಬಂತು" ಎಂದರು ಮನಾಂಗ್. "ನಿಮಗೆ ಹೇಳಬೇಡ ಎಂದಿದ್ದರು. ಸುಟ್ಟುಬಿಡು ಎಂದಿರಲಿಲ್ಲ." ಮಗ ಆ ಪುಸ್ತಕವನ್ನು ಬಹಳ ಹೊತ್ತು ತಿರುವಿದ. ಆಮೇಲೆ ಅಕ್ಕನ ಹಾಳೆಯನ್ನು ಎಳೆದುಕೊಂಡು, ಒಂದು ಕಡೆ ಅಲ್ಪವಿರಾಮ ಸರಿಮಾಡಿ ವಾಪಸು ಕೊಟ್ಟ. ನಿಧನವಾರ್ತೆ ಅವಳು ಬರೆದ ಹಾಗೆಯೇ ಬಂತು.

ಮನೋಂಗ್‌ರನ್ನು ನಮ್ಮ ಕೆಂಟ್‌ನಲ್ಲೇ ಇರುವ ಟಹೋಮ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿದರು. 1997ರಲ್ಲಿ ತೆರೆದದ್ದು, ಮಾಜಿ ಯೋಧರಿಗಾಗಿ. ಟಹೋಮ ಎಂದರೆ ರೇನಿಯರ್ ಪರ್ವತಕ್ಕೆ ಇಲ್ಲಿಯ ಮೂಲನಿವಾಸಿಗಳ ಹೆಸರು. ಮೋಡವಿಲ್ಲದ ದಿನ ಅದು ಅಲ್ಲಿಂದ ಕಾಣುತ್ತದೆ. ಆ ದಿನ ಕಾಣಲಿಲ್ಲ. ಬಿಳಿ ಕೈಗವಸಿನ ಇಬ್ಬರು ನಾವಿಕರು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಬಾವುಟವನ್ನು ಮಡಿಸಿ ಮಡಿಸಿ ತ್ರಿಕೋನ ಮಾಡಿ, ಮಂಡಿಯೂರಿ ಮನಾಂಗ್ ಕೈಗಿತ್ತರು. ತುತ್ತೂರಿ ಊದಿದರು. ನಾನು ನೋಡುತ್ತಿದ್ದದ್ದು ಆ ನಾವಿಕರ ಅಂಗಿಯ ಗೀರುಗಳನ್ನು. ಮನೋಂಗ್ ಇದ್ದಿದ್ದರೆ ಏನಾದರೂ ಅನ್ನುತ್ತಿದ್ದರು. ಸರಕಾರ ಹಾಕಿಸಿದ ಕಲ್ಲು ಆಮೇಲೆ ಬಂತು. ಅದರ ಮೇಲೆ ಹೆಸರು, ಮೆಷಿನಿಸ್ಟ್ ಆಗಿ ಪಡೆದ ಕೊನೆಯ ದರ್ಜೆ, ನೌಕಾದಳ, ವಿಯೆಟ್ನಾಂ, ಹುಟ್ಟಿದ ದಿನ, ಹೋದ ದಿನ. ಕಲ್ಲಿನಲ್ಲಿ ಅಷ್ಟಕ್ಕೇ ಜಾಗ.

ನುಗ್ಗೆ ಕುಂಡ ಈಗ ನಮ್ಮ ಗರಾಜಿನಲ್ಲಿದೆ. ಮೊದಲಿನ ಗಿಡವಲ್ಲ, ಅದರ ಜಾಗಕ್ಕೆ ಬಂದ ನಾಲ್ಕನೆಯದೋ ಐದನೆಯದೋ.

ಬರುವ ನವೆಂಬರಿಗೆ ವರ್ಷ ತುಂಬುತ್ತದೆ. ನಮ್ಮ ವರ್ಷಾಂತಿಕದ ಹಾಗೆ ಅವರಲ್ಲೂ ಅಂದು ಪ್ರಾರ್ಥನೆ, ಊಟ. ಮನೆಯವರು ಕಪ್ಪು ಬಟ್ಟೆ ಬಿಡುವ ದಿನ. ಬಾಬಾಂಗ್ ಲುಕ್ಸಾ ಎನ್ನುತ್ತಾರೆ. ಯುಗಾದಿಯಲ್ಲಿ ಅವರ ಕೈಯ ಅನ್ನ ಉಂಡವರೆಲ್ಲ ಬರಬೇಕೆಂದು ಮನಾಂಗ್ ಹೇಳಿ ಕಳಿಸಿದ್ದಾರೆ. ಪನ್ಸಿತ್ ಎಂಬ ಶಾವಿಗೆ ಇರುತ್ತದೆ; ನಮಗಾಗಿ ಮಾಂಸ ಹಾಕದ್ದನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿಸುತ್ತಾರಂತೆ. ಅನ್ನ ಮಾಡುವವಳು ನಾನು, ಟ್ರೇ ಮತ್ತು ಫಾಯಿಲ್‌ನಲ್ಲಿ. ಬರುವವರು ಅಕ್ಟೋಬರ್ ಮುಗಿಯುವುದರೊಳಗೆ ನನಗೆ ಫೋನ್ ಮಾಡಿ ತಿಳಿಸಿ. ಎಷ್ಟು ಜನ ಎಂದು ಸರಿಯಾಗಿ ಹೇಳಿ, ಸುಮಾರು ಎನ್ನಬೇಡಿ.